ಟವೆಲ್ ಹಾಕಿದ ಸೀಟು

ಟೋಕಿಯೋದಿಂದ ದಿಲ್ಲಿ ದೂರೋ, ಮುಂಡರಗಿಯಿಂದ ಗದಗ ದೂರೋ? ಹೇಳ್ರಿ ನೋಡೂಣು. ನಿಮ್ಮ ಕೈಲೆ ಆಗೂದಿಲ್ಲ.

ಮೊಣಕಾಲು ಬ್ಯಾನಿ ಇದ್ದ ಅಜ್ಜಿನ್ನ ಗದಗಿನ ದವಾಖಾನಿಗೆ ಕರಕೊಂಡು ಹೊಂಟಿದ್ದೆ. ಬಸ್ ಬಂದ ಕೂಡ್ಲೆ ಕಿಡಕಿಯಿಂದ ಟವೆಲ್ ಒಗದು ಸೀಟು ಹಿಡದೆ. ಅಜ್ಜಿನ್ನ ಹತ್ತಿಸೂದ್ರಾಗ ಒಬ್ಬ ಕೋಟಿನಾಂವ ಆ ಟವೆಲ್ ಮ್ಯಾಲೇ ಕುಂತಿದ್ದ.

"ಏಳ್ರಿ ಸಾಹೇಬ್ರ, ಅದು ನಮ್ಮ ಅಜ್ಜಿ ಸೀಟು."

"ಟೋಕಿಯೋದಿಂದ ದಿಲ್ಲಿಗೆ ಆರು ಸಾವಿರ ಕಿಲೋಮೀಟರ್, ಹತ್ತು ತಾಸು ವಿಮಾನದಾಗ ಬಂದೀನಿ. ಅಲ್ಲಿ ಯಾರೂ ಟವೆಲ್ ಒಗಿಯೂದಿಲ್ಲಪಾ."

ನನ್ನ ಮೈ ಉರೀತು. "ಹತ್ತು ತಾಸೂ ಕುಂತೇ ಬಂದೀರಲ್ರಿ! ಈಗೊಂದು ತಾಸು ನಿಂದರ್ರಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಅಂವ ನಾಚಿ ಎದ್ದ. ಅಜ್ಜಿ ಕಾಲು ಚಾಚಿ ಕುಂತಳು.

ಅಂವ ಎದ್ದದ್ದು ನಾ ಕಟ್ಟಿದ ಸುಳ್ಳರಿ. ಖರೆ ಅಂದ್ರ, ಅಜ್ಜಿ ಗದಗ ಮಟಾ ನಿಂತೇ ಬಂದಳು. ಟವೆಲ್ಲೂ ಅಂವನ ಬುಡಕೇ ಉಳೀತು.