ಹೆಣದ ಮುಂದೆ ಸೋಬಾನೆ

ಪ್ರಶಸ್ತಿ ಬಂದ ಸಿನಿಮಾ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಾಣಾವರದಲ್ಲಿ ಟೀಚರ್ ಆಗಿದ್ದೆ. ಮದುವೆ ಗೊತ್ತಾಗಿತ್ತು. ಹುಲಿಕೆರೆಯಲ್ಲಿದ್ದ ನನ್ನ ಸೋದರತ್ತೆ ಸುತ್ತಮುತ್ತಲ ಮದುವೆಗಳಿಗೆಲ್ಲ ಸೋಬಾನೆ ಹೇಳುವವಳು. ಅವಳು ದನಿ ಎತ್ತಿ ಹಸೆಗೆ ಕರೆಯದೆ ಯಾವ ಮದುವಣಗಿತ್ತಿಯೂ ಮಣೆಯ ಮೇಲೆ ಕೂರುತ್ತಿರಲಿಲ್ಲ. ‘ನಿನ್ನ ಹಸೆಗೆ ಕರ್ಯೋಳು ನಾನೇ ಕಣೆ’ ಎಂದು ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಹೇಳಿಕೊಂಡು ಬಂದಿದ್ದಳು. ನಾನೂ ಅದನ್ನೇ ಕಾಯುತ್ತಿದ್ದೆ.

ಆಗ ಹುಲಿಕೆರೆಗೆ ಒಬ್ಬ ಸಿನಿಮಾ ನಿರ್ದೇಶಕ ಬಂದ. ಖಾದಿ ಜುಬ್ಬಾ, ಜೋಳಿಗೆ, ಕಾಲಿಗೆ ಮಾತ್ರ ಫಾರಿನ್ ಚಪ್ಪಲಿ. ಅವನಿಗೆ ಹುಲಿಕೆರೆಯ ಹಳೇ ಮೆಟ್ಟಿಲ ಕೊಳ ಬೇಕಿತ್ತು, ಹುಲಿಕೆರೆಯವರು ಬೇಡವಾಗಿತ್ತು. ನಮ್ಮ ಪ್ಲಾಸ್ಟಿಕ್ ಕೊಡ ಕಂಡರೆ ಮುಖ ಸಿಂಡರಿಸುತ್ತಿದ್ದ. ಅತ್ತೆಗೆ ಒಳ್ಳೆಯ ಸೀರೆ ಬಿಚ್ಚಿಟ್ಟು ಹರಕಲು ಉಟ್ಟು ಬಾ ಅಂದ. ‘ಹರ್ಕ್ಲು ಸೀರೆ ಒಲೆ ಒರ್ಸೋಕೆ ಐತೆ, ತಂದ್ಕೊಡ್ಲಾ?’ ಎಂದಳು ಅತ್ತೆ. ಕೊನೆಗೆ ಹಾಡೊಂದನ್ನಾದರೂ ಕೊಡಿ ಎಂದು ಗೋಗರೆದ. ‘ಒಳ್ಳೆ ಕೆಲ್ಸಕ್ಕೆ ತಾನೆ?’ ಎಂದು ಕೇಳಿದಳು. ‘ಬಹಳ ಒಳ್ಳೆ ಕೆಲಸಕ್ಕಮ್ಮಾ’ ಎಂದ. ನನ್ನ ಮದುವೆಗೆಂದು ಗುನುಗುತ್ತಿದ್ದ ಹಾಡನ್ನೇ ಅವಳು ಅವನ ಟೇಪಿಗೆ ಮನಸಾರೆ ಹಾಡಿಕೊಟ್ಟಳು.

ಆ ಸಿನಿಮಾ ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ನಮಗೂ ಪಾಸು ಬಂತು. ಅತ್ತೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಅರಸೀಕೆರೆಯಲ್ಲಿ ನನ್ನೊಂದಿಗೆ ರೈಲು ಹತ್ತಿದಳು.

ತೆರೆಯ ಮೇಲೆ ಒಬ್ಬ ಮುದುಕ ಕೊಳದ ಮೆಟ್ಟಿಲು ಇಳಿದ, ಹತ್ತಿದ, ಮತ್ತೆ ಇಳಿದ. ನಮ್ಮೂರ ಎಮ್ಮೆಗೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ಸುತ್ತ ಕೂತಿದ್ದ ಗಡ್ಡಗಳು ಮಾತ್ರ ತಲೆದೂಗುತ್ತಿದ್ದವು. ಆಮೇಲೆ ಅವನ ಮಗಳು ಸತ್ತಳು. ಹೆಣವನ್ನು ಮೆಟ್ಟಿಲ ಮೇಲೆ ಮಲಗಿಸಿದರು. ಅತ್ತೆಯ ದನಿ ಎದ್ದಿತು. ಹಾಡಿನಲ್ಲಿ ಅವಳು ಮಗಳನ್ನು ಹಸೆಗೆ ಬಾ ಎಂದು ಕರೆಯುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಚಿತೆಗೆ ಬಾ ಎಂದು ಬರೆದಿತ್ತು.

‘ಅಯ್ಯಯ್ಯೋ, ನಿಲ್ಸ್ರೋ! ಹೆಣದ ಮುಂದೆ ಸೋಬಾನೆ ಹೇಳ್ತಾರೇನ್ರೋ!’ ಎಂದು ಅತ್ತೆ ಎದ್ದು ನಿಂತಳು. ಹಿಂದಿನ ಸಾಲಿನವರು ಉಸ್ಸೆಂದು ಅವಳನ್ನು ಕೂರಿಸಿದರು.

ಸಂಜೆ ಪ್ರಶಸ್ತಿ ಅದಕ್ಕೇ ಬಂತು. ಕನ್ನಡದ ಒಂದಕ್ಷರ ತಿಳಿಯದ ತೀರ್ಪುಗಾರರು ಆ ‘ಪ್ರಾಚೀನ ಶೋಕಗೀತೆ’ ಕೇಳಿ ಕಣ್ಣೀರು ಬಂತೆಂದರು. ಅವರನ್ನು ಬೈದೇನು ಫಲ? ಕನ್ನಡ ಬಲ್ಲವನೇ ಪಕ್ಕದಲ್ಲಿ ಹಲ್ಲು ಕಿರಿಯುತ್ತಾ ನಿಂತಿದ್ದ.

ನಾನು ಅವನನ್ನು ಅಡ್ಡಗಟ್ಟಿದೆ. ‘ಅದು ಮದುವೆ ಹಾಡು ಕಣ್ರೀ. ಹಸೆ ಅಂದ್ರೆ ಚಿತೆ ಅಲ್ಲ.’

‘ಶಬ್ದ ಬಿಡಿ ಮೇಡಂ, ಭಾವ ನೋಡಿ’ ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆಮೇಲೆ ಬಗ್ಗಿ ಅತ್ತೆಯ ಕಾಲು ಮುಟ್ಟಿದ. ಫೋಟೋದವನು ಸರಿಯಾಗಿ ಬರಲಿಲ್ಲ ಎಂದದ್ದಕ್ಕೆ ಇನ್ನೊಮ್ಮೆ ಮುಟ್ಟಿದ. ಅಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಎನಿಸಿತು. ರೈಲಿನಲ್ಲಿ ಕೂತವಳೇ ಅತ್ತೆ ಮುಡಿದಿದ್ದ ಹೂ ಕಿತ್ತು ಕಿಟಕಿಯಾಚೆ ಎಸೆದಳು.

ನನ್ನ ಮದುವೆ ಅರಸೀಕೆರೆಯ ಛತ್ರದಲ್ಲಿ ಆಯಿತು. ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತೆ. ಹೆಂಗಸರೆಲ್ಲ ಅತ್ತೆಯ ಬಾಯಿ ನೋಡುತ್ತಿದ್ದರು. ನಮ್ಮವ್ವ ಅವಳ ತೋಳು ಹಿಡಿದು ‘ಹೇಳಕ್ಕ’ ಎಂದಳು.

‘ಬ್ಯಾಡ ಕಣವ್ವ, ನನ್ನ ಹಾಡು ಹೆಣ ಕಂಡೈತೆ. ಮಗೀನ ಹಸೆಗೆ ಬ್ಯಾಡ’ ಎಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಯಾರೋ ವಾಲಗದವರಿಗೆ ಸನ್ನೆ ಮಾಡಿದರು. ಯಾರೂ ಕರೆಯದೆ, ನಾನೇ ನಡೆದುಹೋಗಿ ಹಸೆಯ ಮೇಲೆ ಕೂತೆ.