ಎರಡು ಕಾವಲಿ, ನಾಲ್ಕು ಪ್ರೊಸೆಸರ್

ಜೂನ್ 14, ಶನಿವಾರ, ಬೆಳಿಗ್ಗೆ 7.40. ಡೊಂಬಿವಲಿ.

ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ದೋಸೆ ಸೀಯಿಸಿದ್ದಾರೆ. ಕಿಟಕಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಆ ವಾಸನೆಯ ಹಿಂದೆಯೇ ಜಗಣ್ಣ ಮಾವನ ಹೋಟೆಲು ಬಂದು ನಿಂತಿತು. ಬನ್ನಿ, ನೀವೂ ಒಳಗೆ ಕೂತುಕೊಳ್ಳಿ.

ಸ್ಟೇಷನ್ನಿಗೆ ಹತ್ತಿರದ ಆ ಹೋಟೆಲಿನಲ್ಲಿ ಎರಡು ದೋಸೆ ಕಾವಲಿ. ಒಂದು ಶೀನಣ್ಣನದು, ಇನ್ನೊಂದು ಭಾಸ್ಕರಣ್ಣನದು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ; ಯಜಮಾನರಾದ ಮಾವನೂ ಮುಟ್ಟುವಂತಿಲ್ಲ. ಕಾವಲಿಯ ಕಾವು, ಎಣ್ಣೆಯ ಹದ ಅದರವನಿಗೇ ಗೊತ್ತು. ಶೀನಣ್ಣನ ಕಾವಲಿಯಲ್ಲಿ ಏನಾಗಬೇಕಿದ್ದರೂ ಶೀನಣ್ಣನನ್ನೇ ಕೂಗಬೇಕು. ಅವನು ಕೈಯಲ್ಲಿದ್ದುದನ್ನು ಬಿಟ್ಟು, ಹೇಳಿದ್ದನ್ನು ಥಟ್ಟನೆ ಮಾಡಿ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದ. ಕಾಲೇಜಿನ ರಜೆಯಲ್ಲಿ ನಾನು ಗಲ್ಲಾದ ಪಕ್ಕ ಕೂತು, ಯಾವ ಕಾವಲಿಯಿಂದ ಎಷ್ಟು ದೋಸೆ ಎಂದು ಗೆರೆ ಎಳೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ. "ಈ ಲೆಕ್ಕ ಯಾರಿಗೆ ಮಾರಾಯ್ತಿ, ದೋಸೆಗಾ?" ಎಂದು ಮಾವ ಕೆಣಕುತ್ತಿದ್ದರು.

ಈಗ ರಬಾಳೆಯ ಒಂದು ಕಂಪನಿಯಲ್ಲಿ ನನಗೆ ಅದೇ ಕೆಲಸಕ್ಕೆ ಸಂಬಳ ಕೊಡುತ್ತಾರೆ. ನಾವು ಮಾಡುವ ಸಣ್ಣ ಯಂತ್ರದಲ್ಲಿ ನಾಲ್ಕು ಪ್ರೊಸೆಸರ್; ಅವುಗಳ ಕೆಲಸದ ಲೆಕ್ಕ ತೆಗೆಯುವ ಕೋಡು ನನ್ನದು. ಪ್ರತಿಯೊಂದಕ್ಕೂ ತನ್ನದೇ ಎಣಿಕೆಯ ಪಟ್ಟಿ. ಬೇರೆಯದು ಅದಕ್ಕೆ ಕೈ ಹಾಕಬಾರದು. ಎರಡನೆಯದರ ಪಟ್ಟಿ ಬೇಕಾದರೆ ಒಂದನೆಯದು, ಯಂತ್ರವನ್ನು ಒಳಗಿನಿಂದ ನಡೆಸುವ ಕರ್ನಲ್ ಮೂಲಕ ಅದಕ್ಕೆ ಗಂಟೆ ಬಾರಿಸಿ, ಈ ಫಂಕ್ಷನ್ ನೀನೇ ನಡೆಸು ಎನ್ನಬೇಕು. ಅದು ತನ್ನ ಕೆಲಸ ನಿಲ್ಲಿಸಿ, ನಡೆಸಿ, ಹಿಂದಿರುಗುತ್ತದೆ. ಫಂಕ್ಷನ್ ಚುಟುಕಾಗಿರಬೇಕು, ನಡುವೆ ನಿದ್ದೆ ಹೋಗಬಾರದು. ಕರೆದ ಪ್ರೊಸೆಸರ್ ಬೇಕಿದ್ದರೆ ಉತ್ತರ ಬರುವ ತನಕ ಕಾಯಬಹುದು.

ಒಂದು ತಿಂಗಳಿಂದ ಈ ಯಂತ್ರ ಆಗಾಗ ಸ್ತಬ್ಧವಾಗುತ್ತಿದೆ. ನನ್ನ ಡೈರಿಯ ಪ್ರಕಾರ ಹದಿನೇಳು ಸಲ. ದೂರು ಬಿದ್ದಿರುವುದು ಅಶ್ವಿನಿಯ ಬೋರ್ಡಿನ ಮೇಲೆ, ಅಂದರೆ ಪ್ರೊಸೆಸರುಗಳನ್ನು ಕೂರಿಸಿದ ಸರ್ಕ್ಯೂಟ್ ಹಲಗೆಯ ಮೇಲೆ. ಕಲ್ಯಾಣದಿಂದ ಬರುವ ನನ್ನ ಸಹೋದ್ಯೋಗಿ ಅವಳು. ಪೂರ್ತಿಯಾಗಿ ತಾನೇ ರಚಿಸಿದ ಮೊದಲ ಬೋರ್ಡು ಇದು. ಸೋಮವಾರದ ಮೀಟಿಂಗಿನಲ್ಲಿ ಅದನ್ನು ಕೈಬಿಡುವುದು ಹೆಚ್ಚುಕಡಿಮೆ ನಿಶ್ಚಯ. ಆ ಹದಿನೇಳರ ಪಟ್ಟಿಯನ್ನು ದಿನಾಂಕ ಸಮೇತ ಒದಗಿಸಿದವಳು ನಾನೇ.

ದೋಸೆ ಸೀದ ಕಥೆಗೆ ಬರುತ್ತೇನೆ. ಹೋಟೆಲಿನಲ್ಲಿ ಸೆಟ್ ದೋಸೆ ಶೀನಣ್ಣನಲ್ಲಿ ಮಾತ್ರ, ರವಾ ದೋಸೆ ಭಾಸ್ಕರಣ್ಣನಲ್ಲಿ ಮಾತ್ರ. ಒಂದು ಭಾನುವಾರ, ಜನ ಬಾಗಿಲಾಚೆಯೂ ನಿಂತಿದ್ದಾಗ, ಶೀನಣ್ಣ ತನ್ನ ಗಿರಾಕಿಗೆಂದು ಭಾಸ್ಕರಣ್ಣನಿಗೆ ರವಾ ಹೇಳಿದ. ಅದೇ ಗಳಿಗೆಗೆ ಭಾಸ್ಕರಣ್ಣ ಶೀನಣ್ಣನಿಗೆ ಸೆಟ್ ಹೇಳಿದ. ಹಿಂದಿನ ದಿನದ ಮುನಿಸು ಬೇರೆ ಇತ್ತು. ನನ್ನದು ಬರುವ ತನಕ ನಿನ್ನದು ಕಿವಿಗೇ ಹಾಕಿಕೊಳ್ಳುವುದಿಲ್ಲವೆಂದು ಇಬ್ಬರೂ ಸಟ್ಟುಗ ಹಿಡಿದು ನಿಂತರು. ಎರಡೂ ಕಾವಲಿಯ ಮೇಲೆ ದೋಸೆ ಕರಿಯಾಯಿತು. ಬೈಯುವ ಅಭ್ಯಾಸವಿಲ್ಲದ ಮಾವ ಗ್ಯಾಸ್ ಆರಿಸಿ ಹೇಳಿದ್ದು ಇಷ್ಟೇ: "ಕಾಯುದಾದ್ರೆ ಕಾಯಿರಿ ಮಾರಾಯ್ರೆ. ಕಾಯುವವನ ಕಿವಿ ಮಾತ್ರ ತೆರೆದಿರ್ಬೇಕು."

9.15. ಮೇಲಿನ ಸಾಲು ಬರೆದವಳು ಎದ್ದು ಲ್ಯಾಪ್‌ಟಾಪ್ ತೆರೆದೆ. ಎಣಿಕೆಯ ನಡುವೆ ಯಾರೂ ಬಾಯಿ ಹಾಕದಿರಲೆಂದು, ಇನ್ನೊಂದನ್ನು ಕರೆಯುವ ಮೊದಲು ನನ್ನ ಕೋಡು ತನ್ನ ಪ್ರೊಸೆಸರಿನ ಗಂಟೆಯನ್ನು ಕೇಳಿಸದಂತೆ ಮುಚ್ಚುತ್ತಿತ್ತು. ಎರಡು ಪ್ರೊಸೆಸರುಗಳು ಒಂದೇ ಗಳಿಗೆಗೆ ಪರಸ್ಪರ ಕರೆದರೆ ಮುಗಿಯಿತು: ಎರಡೂ ಕಾಯುತ್ತವೆ, ಎರಡಕ್ಕೂ ಕೇಳಿಸದು. ಕರ್ನಲ್ ಇದಕ್ಕೆ ಎಚ್ಚರಿಕೆಯ ಸಾಲು ಬರೆಯುತ್ತದೆ. ಹದಿನೇಳರ ಪಟ್ಟಿ ಅಂದವಾಗಿರಲೆಂದು ಅಂಥ ಸಾಲುಗಳನ್ನು ನಾನೇ ಸೋಸಿ ಬಿಸಾಡಿದ್ದೆ. ಕಚೇರಿಯ ಬೋರ್ಡಿನಲ್ಲಿ ಇಲ್ಲಿಂದಲೇ, ನಾಲ್ಕೂ ಒಮ್ಮೆಲೇ ಒಂದನ್ನೊಂದು ಕರೆಯುವಂತೆ ಮಾಡಿ ನೋಡಿದೆ. ಎರಡನೆಯ ನಿಮಿಷಕ್ಕೆ ಸ್ತಬ್ಧ. ಗಂಟೆ ತೆರೆದಿಟ್ಟು, ಕಾಯುವ ಬದಲು ಚೀಟಿ ಇಟ್ಟು ಮುಂದೆ ಹೋಗುವಂತೆ ಬರೆದದ್ದು ಇನ್ನೂ ಓಡುತ್ತಲೇ ಇದೆ.

ಅಶ್ವಿನಿಗೆ ಫೋನ್ ಮಾಡಿ, ಬೋರ್ಡು ಸರಿಯಿದೆ, ತಪ್ಪು ನನ್ನದೆಂದೆ. ಅವಳು ಮರಾಠಿಯಲ್ಲಿ ಕೇಳಿದಳು:

"ಸೋಮವಾರೀ ಸಗಳ್ಯಾಂಸಮೋರ್ ಸಾಂಗಶೀಲ್?"

ಎಲ್ಲರ ಮುಂದೆ ಹೇಳುತ್ತೀಯಾ ಎಂದು. ಸೋಮವಾರದ ತನಕ ಯಾಕೆ ಎಂದು ಆಗಲೇ ಎಲ್ಲರಿಗೂ ಮೇಲ್ ಬರೆದೆ. ಹದಿನೇಳರ ಪಟ್ಟಿಗೆ 'ಕಾರಣ' ಎಂಬ ಹೊಸ ಕಾಲಂ ಸೇರಿಸಿ, ಹದಿನೇಳು ಕಡೆಯೂ ನನ್ನ ಹೆಸರು ಹಾಕಿದೆ.

ಈಗ ಲೆಕ್ಕ ಒಂದು ಚಿಟಿಕೆ ತಡವಾಗಿ ಬರುತ್ತದೆ, ನಾಲ್ಕು ಪಟ್ಟಿಗಳೂ ಒಂದೇ ಕ್ಷಣದವಲ್ಲ. ನಿನ್ನೆಯವರೆಗೆ ಇದನ್ನು ನಾನು ಸಹಿಸುತ್ತಿರಲಿಲ್ಲ. ಯಾವುದನ್ನೂ ನಿಲ್ಲಿಸದೆ, ಯಾವುದರ ಗಂಟೆಯನ್ನೂ ಮುಚ್ಚದೆ, ನಾಲ್ಕರ ಲೆಕ್ಕವನ್ನು ಒಂದೇ ಕ್ಷಣದಲ್ಲಿ ತೆಗೆಯುವ ದಾರಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನನ್ನ ತಪ್ಪು ಇನ್ನೇನಾದರೂ ಕಂಡರೆ ಅದನ್ನೂ ಬರೆಯಿರಿ, ಸೋಸದೆ ಓದುತ್ತೇನೆ.