ಸನ್ಮಾನದ ದಿನ ಓದಿದ ಕವಿತೆ

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ದೊಡ್ಡ ಮಾತು, ನೋಟ್ಸ್ ಹೇಳಿ ಬರೆಸುತ್ತೇನೆ. ಹೋದ ವರ್ಷ ಬಿ.ಎ. ಮಕ್ಕಳಿಗೆ ಒಂದು ಯುದ್ಧದ ಕವಿತೆ ಇತ್ತು. ಸತ್ತ ಸೈನಿಕನೊಬ್ಬ ತಾಯಿಗೆ ಹೇಳುವ ಮಾತು ಅದು: ದೇಶಕ್ಕಾಗಿ ಹೋದೆ, ಅಳಬೇಡ, ಇನ್ನು ನನ್ನ ದಾರಿ ಕಾಯಬೇಡ. ವಾರವಿಡೀ ಆ ಕವಿತೆಯನ್ನು ಕೊಯ್ದು ಹರವಿದೆ. ಪ್ರಾಸ ಎಲ್ಲಿ, ರೂಪಕ ಎಲ್ಲಿ, ದೇಶಪ್ರೇಮ ಯಾವ ಸಾಲಿನಿಂದ ಶುರುವಾಗುತ್ತದೆ, ಎಲ್ಲವನ್ನೂ ಬರೆಸಿದೆ.

ತೇರದಾಳದ ಕಡೆಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಸತ್ತಾಂವ ಹೆಂಗ ಮಾತಾಡತಾನ್ರಿ?"

"ಪರೀಕ್ಷಾದಾಗ ಮಾತಾಡತಾನವ್ವಾ, ಐದು ಮಾರ್ಕ್ಸಿಗೆ" ಎಂದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಅವಳ ಅಣ್ಣ ಸೈನ್ಯದಲ್ಲಿದ್ದಾನೆಂದು ನನಗೆ ಆಗ ಗೊತ್ತಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಅದೇ ಹುಡುಗಿ, ಅಣ್ಣ ನಿವೃತ್ತನಾಗಿ ಊರಿಗೆ ಬರುತ್ತಿದ್ದಾನೆ, ನೀವು ಬರಲೇಬೇಕು ಎಂದು ಕರೆದಳು. ನಮ್ಮ ಕಡೆ ಸೈನಿಕ ಸೇವೆ ಮುಗಿಸಿ ಬಂದರೆ ಊರಿಗೆ ಊರೇ ಹೊರಬೀಳುತ್ತದೆ. ತೆರೆದ ಜೀಪು, ಹಲಗೆ ಬಡಿತ, ಹೂವು, ಆಳೆತ್ತರದ ಬ್ಯಾನರು. ಮೆರವಣಿಗೆ ಮುಗಿದು ಗುಡಿ ಮುಂದಿನ ಕಟ್ಟೆಯ ಮೇಲೆ ಸನ್ಮಾನ ನಡೆಯುತ್ತಿತ್ತು. ಊರ ಹಿರಿಯರೊಬ್ಬರು ಮೈಕನ್ನು ನನ್ನ ಕೈಗೆ ತುರುಕಿದರು: "ಸರ್, ಇಂಗ್ಲಿಷ್‌ನ್ಯಾಗ ಎರಡ ಮಾತ ಆಗಲ್ರಿ. ಕಾರ್ಯಕ್ರಮಕ್ಕ ಕಿಮ್ಮತ್ತ ಬರತೈತಿ."

ನಾನು ಉಬ್ಬಿಹೋದೆ. ನನಗೆ ಬಾಯಿಪಾಠ ಇದ್ದದ್ದು ಅದೊಂದೇ ಕವಿತೆ. ದೇಶಭಕ್ತಿಯದ್ದು ತಾನೇ, ಸೈನಿಕನಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡು, ಕೈ ಎತ್ತಿ, ದನಿ ನಡುಗಿಸಿ ಪೂರ್ತಿ ಹೇಳಿಬಿಟ್ಟೆ. ಚಪ್ಪಾಳೆ, ಶಿಳ್ಳೆ. ಹಾರಗಳಲ್ಲಿ ಮುಳುಗಿದ್ದ ಸೈನಿಕ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಇಂಗ್ಲಿಷ್ ತಿಳಿದೀತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವನ ಪಕ್ಕದಲ್ಲಿ ರಬಕವಿಯ ಹೊಸ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಕೂತಿದ್ದ ತಾಯಿ ಕೇಳಿದರು: "ಅದರ ಅರ್ಥ ಏನ್ರಿ ಸರ್? ನಮಗೂ ಒಂದೀಟ ತಿಳೀಲಿ."

ಬಳೆ ಒಡೆದರೂ, ಅಶುಭವೆಂದು, ಒಡೆಯಿತು ಅನ್ನದೆ ಹೆಚ್ಚಿತು ಅನ್ನುವ ಜನ ನಾವು. ಅಂಥವರ ನಡುವೆ ನಿಂತು, ಜೀವಂತ ಮನೆಗೆ ಬಂದ ಮಗನ ಎದುರಿಗೆ, ಅವನು ಸತ್ತ ಎಂದು ಮೈಕಿನಲ್ಲಿ ಸಾರಿದ್ದೆ. ಅದನ್ನು ಯಾವ ಮುಖ ಇಟ್ಟುಕೊಂಡು ಕನ್ನಡದಲ್ಲಿ ಹೇಳಲಿ? ವಾರವಿಡೀ ಪಾಠ ಮಾಡಿದವನಿಗೆ ಆ ಕವಿತೆಯೊಳಗೆ ಒಂದು ಹೆಣ ಇದೆ ಎಂದು ಅರಿವಾದದ್ದು ಆ ಕಟ್ಟೆಯ ಮೇಲೆ.

ಹೆಂಗಸರ ಸಾಲಿನಿಂದ ನನ್ನ ವಿದ್ಯಾರ್ಥಿನಿ ಎದ್ದಳು. "ಯವ್ವಾ, ಮಗ ತಾಯಿಗೆ ಹೇಳತಾನ. ನಾ ಮನಿಗೆ ಬಂದೇನಿ, ಇನ್ನ ನೀ ಬಾಗಲದಾಗ ಕುಂತು ದಾರಿ ಕಾಯಬ್ಯಾಡ, ಅಳಬ್ಯಾಡ ಅಂತ. ಇಷ್ಟ ಐತಿ ಅದರಾಗ." ಹೇಳಿ ಕೂತಳು. ನನ್ನತ್ತ ನೋಡಲೂ ಇಲ್ಲ.

ತಾಯಿಯ ಮುಖ ಅರಳಿತು. "ಎಷ್ಟ ಚಂದ ಐತಿ! ಇನ್ನೊಮ್ಮೆ ಹೇಳ್ರಿ ಸರ್" ಎನ್ನುತ್ತ ಮಗನ ತಲೆಯ ಮೇಲೆ ಕೈ ಇಟ್ಟರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಲ್ಲೆ ಅನ್ನುವಂತಿಲ್ಲ, ಊರೆಲ್ಲ ಕಾಯುತ್ತಿತ್ತು. ಆ ಕೈ ಆ ತಲೆಯ ಮೇಲಿರುವಾಗ ಅದೇ ಸಾಲುಗಳನ್ನು ಮತ್ತೆ ಹೇಳುವ ಧೈರ್ಯ ನನಗಿರಲಿಲ್ಲ. ಕೊನೆಗೆ ಕ್ಲಾಸಿನ ನೋಟ್ಸನ್ನೇ ಇಂಗ್ಲಿಷಿನಲ್ಲಿ, ಅದೇ ಏರಿಳಿತದಲ್ಲಿ ಒಪ್ಪಿಸಿದೆ. ಇದು ಹದಿನಾಲ್ಕು ಸಾಲಿನ ಸಾನೆಟ್, ಮೊದಲ ಎಂಟರ ಪ್ರಾಸ ಹೀಗೆ, ಉಳಿದ ಆರರದು ಹಾಗೆ, ಉತ್ತರದಲ್ಲಿ ಈ ಅಂಶಗಳು ಬರಬೇಕು. ಸೈನಿಕ ತಲೆ ಎತ್ತಿ ನನ್ನನ್ನೇ ನೋಡಿದ. ಅವನ ತಂಗಿ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು.

ನಾನು ಮೈಕು ಕೆಳಗಿಟ್ಟಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ ಹೇಳುತ್ತಿದ್ದರು: "ಕೇಳಿದೇನವಾ? ನನ್ನ ಮಗನ ಮ್ಯಾಲೆ ಎಷ್ಟ ಜೀವ ಇಟ್ಟು ಬರದಾರ ನೋಡು."